ನೀರಿನ ಮೇಲೆ ಕೂರಿಸಿದ ಇಂಜಿನ್

ಮೊನ್ನೆ ಕಾಫಿ ಕೊಯ್ಲಿನ ಹೊತ್ತಿಗೆ ಮಗಳ ಮನೆಗೆ ಹೋಗಿದ್ದೆ. ಅವಳನ್ನು ಕೊಟ್ಟಿರುವುದು ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ, ಸಣ್ಣ ತೋಟದವರ ಮನೆಗೆ. ಸಂಜೆ ಕಣದ ಪಕ್ಕ ಹಣ್ಣು ಸುಲಿಯುವ ಪಲ್ಪರ್ ಹಾಕಿದ್ದರು. ಹಣ್ಣಿನ ಸಿಪ್ಪೆಯ ಹುಳಿ ವಾಸನೆಯ ನಡುವೆ ಕಾದ ಗ್ರೀಸಿನ ವಾಸನೆ ಒಂದು ಸಲ ಮೂಗಿಗೆ ಬಡಿಯಿತು. ಬೀಗಿತ್ತಿಯ ಜೊತೆ ಮಾತಾಡುತ್ತ ಕೂತಿದ್ದವಳು ಎದ್ದು ಹೋಗಿ ಅದರ ಇಂಜಿನ್ನಿನ ಬುಡದ ಮೇಲೆ ಅಂಗೈ ಇಟ್ಟೆ.

"ಒಂದು ಕಾಲು ಸಡಿಲ ಆಗೈತೆ ಕಣಪ್ಪ, ಬಿಗಿ ಮಾಡ್ಸು," ಎಂದು ಅಳಿಯನಿಗೆ ಹೇಳಿದೆ.

"ನಿಮ್ಗೆ ಇದೆಲ್ಲ ಹೆಂಗ್ರೀ ಗೊತ್ತು?" ಎಂದು ಬೀಗಿತ್ತಿ ಕೇಳಿದರು. ಉತ್ತರ ಕೊಟ್ಟಿದ್ದು ಮಗಳು. "ನಮ್ಮಮ್ಮ ಲಾಂಚಿನ ಇಂಜಿನ್ ಕೂರ್ಸಿದ್ಲು ಅತ್ತೆ." ಅವರು ನಕ್ಕರು, ನಾನೂ ನಕ್ಕೆ. ಆದರೆ ಆ ಇಂಜಿನ್ನಿನ ನಡುಕ ಅಂಗೈಯಲ್ಲಿ ಬಹಳ ಹೊತ್ತು ಉಳಿಯಿತು.

ಅದು ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಹೇಮಾವತಿ ಹಿನ್ನೀರು ಆಲೂರು ಸೀಮೆಯ ತಗ್ಗುಗಳೊಳಕ್ಕೆ ಅಲ್ಲಲ್ಲಿ ನುಗ್ಗಿ ಬಂದಿದೆಯಲ್ಲ, ಅಂಥ ಒಂದು ನೀರಿನ ಆಚೆ ಬದಿಗೆ ನಮ್ಮ ಊರು. ಹಳೆಯ ರಸ್ತೆ ಮುಳುಗಿದ ಮೇಲೆ ಮಗ್ಗೆಗೆ ಹೋಗುವ ಬಸ್ಸು ಹಿಡಿಯಬೇಕಾದರೆ ಗುಡ್ಡ ಬಳಸಿ ಅರ್ಧ ದಿನ ನಡೆಯಬೇಕು, ಇಲ್ಲವೇ ನೀರು ದಾಟಬೇಕು. ದಾಟಿಸುತ್ತಿದ್ದುದು ನಮ್ಮ ಲಾಂಚು. ಸಂತೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಹೈಸ್ಕೂಲಿನ ಮಕ್ಕಳು ಎಲ್ಲರೂ ಅದರಲ್ಲೇ.

ನನ್ನ ಯಜಮಾನರ ಹೆಸರು ಬಸಪ್ಪ. ಪ್ರಾಯದಲ್ಲಿ ಮನೆಯವರ ಮೇಲೆ ಮುನಿಸಿಕೊಂಡು ಘಟ್ಟ ಇಳಿದು, ಮಂಗಳೂರಿನ ಬಂದರಿನಲ್ಲಿ ಮೀನಿನ ಬೋಟುಗಳ ಇಂಜಿನ್ ನೋಡಿಕೊಳ್ಳುತ್ತಿದ್ದರಂತೆ. ಲಿಂಗ ಕಟ್ಟಿದವರ ಮಗ ಮೀನಿನ ಬೋಟಿನಲ್ಲಿ ಎಂದರೆ ಹೇಗೆ ಎಂದು ನಮ್ಮ ಮನೆಯಲ್ಲಿ ಆ ವಿಷಯವನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಊರಿಗೆ ವಾಪಸ್ ಬಂದಾಗ ಹಳೆಯ ಮರದ ದೋಣಿಯೊಂದನ್ನು ಲಾರಿಯ ಮೇಲೆ ಹೇರಿಕೊಂಡು ಬಂದಿದ್ದರು. ಅದಕ್ಕೆ ಡೀಸೆಲ್ ಇಂಜಿನ್ ಕೂರಿಸಿ, ಮೇಲೆ ತಗಡಿನ ಮಾಡು ಹಾಕಿ, ತಮ್ಮ ನಂಜುಂಡನನ್ನು ಚುಕ್ಕಾಣಿಗೆ ಕೂರಿಸಿಕೊಂಡರು. ನಾನು ಮದುವೆಯಾಗಿ ಬಂದ ಮೇಲೆ ಸ್ಪ್ಯಾನರ್ ಎತ್ತಿ ಕೊಡುವ ಕೆಲಸ ನನ್ನದಾಯಿತು. ಯಾವ ಬೋಲ್ಟಿಗೆ ಯಾವ ಸ್ಪ್ಯಾನರ್ ಎಂಬುದಷ್ಟೇ ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಬೇಕಾದ ಪ್ರಮೇಯ ಬಂದಿರಲಿಲ್ಲ.

ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚನ್ನು ದಡಕ್ಕೆಳೆದು, ದಿಮ್ಮಿಗಳ ಮೇಲೆ ನಿಲ್ಲಿಸಿ, ಇಂಜಿನ್ ಬಿಚ್ಚಿ, ಸಂದುಗಳಿಗೆ ಡಾಂಬರು ಬಳಿಯುವುದು ಪ್ರತಿವರ್ಷದ ರೂಢಿ. ಆ ವರ್ಷವೂ ಇಂಜಿನ್ ಬಿಚ್ಚಿ ಗೋಣಿಚೀಲದ ಮೇಲಿಟ್ಟಿದ್ದರು. ನಾನು ಮಜ್ಜಿಗೆ ತೆಗೆದುಕೊಂಡು ಹೋದಾಗ ಇವರು ಅದರ ಪಕ್ಕದಲ್ಲೇ ಅಡ್ಡ ಬಿದ್ದಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಕೈಯಲ್ಲಿದ್ದ ಸ್ಪ್ಯಾನರ್ ಬಿಡಿಸಲು ಬರಲಿಲ್ಲ.

ಹಾಸನದ ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗೈ, ಬಲಗಾಲು ಎರಡೂ ಹೋಗಿದ್ದವು. ಮಾತೂ ಹೋಗಿತ್ತು. ಜನ ಬಂದು ನೋಡಿ ಕಣ್ಣೊರೆಸಿಕೊಂಡು ಹೋದರು. ನಾನು ಅಳಲಿಲ್ಲ. ಗಂಗಮ್ಮ ಗಟ್ಟಿಗಿತ್ತಿ ಎಂದರು. ಗಟ್ಟಿತನವೇನೂ ಅಲ್ಲ. ಕಾಲು ಮಡಿಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುವುದಿಲ್ಲವೇ, ಚಿವುಟಿದರೂ ತಿಳಿಯುವುದಿಲ್ಲವಲ್ಲ, ನನ್ನೊಳಗೆಲ್ಲ ಹಾಗೇ ಆಗಿತ್ತು. ಇವರ ಮೈ ಒರೆಸುತ್ತಿದ್ದೆ, ಗಂಜಿ ಕುಡಿಸುತ್ತಿದ್ದೆ, ದನ ಕಟ್ಟುತ್ತಿದ್ದೆ. ಹಾಸನದಲ್ಲಿ ಪಿಯುಸಿ ಓದುತ್ತಿದ್ದ ಮಗಳಿಗೆ ಅಪ್ಪ ಹುಷಾರಾಗ್ತಾವ್ರೆ ಎಂದು ಹೇಳಿ ಕಳಿಸಿದೆ. ಒಂದು ದಿನ ರೊಟ್ಟಿ ಬೇಯಿಸುವಾಗ ಕಾದ ಹೆಂಚಿನ ಮೇಲೆ ಕೈ ಇಟ್ಟಿದ್ದೆ. ಬೊಬ್ಬೆ ಎದ್ದಿದ್ದನ್ನು ಮಾರನೆಯ ದಿನ ನೋಡಿದೆ.

ಮುಂಗಾರು ಶುರುವಾಗುವ ಮೊದಲು ನಂಜುಂಡ ಹಾಸನದಿಂದ ಇಬ್ರಾಹಿಂ ಸಾಬರೆಂಬ ಮೆಕ್ಯಾನಿಕ್ಕನ್ನು ಕರೆತಂದ. ಲಾರಿ, ಟ್ರ್ಯಾಕ್ಟರ್ ಇಂಜಿನ್ನುಗಳಲ್ಲಿ ಪಳಗಿದವರು, ಒಳ್ಳೆಯ ಮನುಷ್ಯ. ದಡದ ಮೇಲೇ ಇಂಜಿನ್ ಕೂರಿಸಿ, ಕಾಲುಗಳಿಗೆ ಹೊಸ ರಬ್ಬರ್ ಹಾಕಿ, ಎರಡು ದಿನ ಮಂಡಿಯೂರಿ ಕೂತು ಹೊಂದಿಸಿದರು. ಇಂಜಿನ್ನಿನ ಹಿಂಬದಿಗೆ ಒಂದು ತಟ್ಟೆ, ನೀರೊಳಗಿನ ಫ್ಯಾನು ತಿರುಗಿಸುವ ಶಾಫ್ಟಿನ ತುದಿಗೆ ಒಂದು ತಟ್ಟೆ. ಎರಡನ್ನೂ ಮುಖಕ್ಕೆ ಮುಖ ಸೇರಿಸಿ ಬೋಲ್ಟು ಹಾಕುತ್ತಾರೆ. ಅದೇ ಕಪ್ಲಿಂಗು. ಎರಡು ತಟ್ಟೆ ಕೂದಲೆಳೆಯಷ್ಟೂ ಆಚೀಚೆ ಇರಬಾರದು. "ನೋಡಮ್ಮ, ಪೇಪರ್ ತೂರ್ಸಕ್ಕಾಗಲ್ಲ ಈಗ," ಎಂದು ಸಾಬರು ಕರೆದು ತೋರಿಸಿದರು. ನಿಜವಾಗಿಯೂ ಕಾಗದ ತೂರುತ್ತಿರಲಿಲ್ಲ.

ಮಳೆ ಬಂತು, ನೀರು ಏರುತ್ತ ಏರುತ್ತ ಲಾಂಚು ನಿಂತಲ್ಲಿಗೇ ಬಂದು ಅದನ್ನು ಎತ್ತಿಕೊಂಡಿತು. ನಂಜುಂಡ ಇಂಜಿನ್ ಚಾಲೂ ಮಾಡಿ ಹೊರಟ. ಮೊದಲ ದಿನದಿಂದಲೇ ಲಾಂಚು ನಡುಗತೊಡಗಿತು. ಕೂತವರ ಹಲ್ಲು ಕಟಕಟ ಎನ್ನುತ್ತಿತ್ತು. ಶಾಫ್ಟು ಹೊರಗೆ ಹೋಗುವ ಜಾಗದಲ್ಲಿ ನೀರು ಜಿನುಗುತ್ತಿದ್ದುದು ಸುರಿಯತೊಡಗಿತು.

ಇವರ ಮಂಚ ಇದ್ದುದು ಹಿನ್ನೀರಿನ ಕಡೆಯ ಕಿಟಕಿಯ ಪಕ್ಕ. ಲಾಂಚು ಹೊರಟ ಸದ್ದಾದಾಗ ಇವರ ಎಡಗೈ ಮಂಚದ ಪಟ್ಟಿಯನ್ನು ಬಡಿಯುತ್ತಿತ್ತು. ಆಗಷ್ಟೇ ಒಂದು ಮಾತು ತಿರುಗಿತ್ತು. ಒಂದೇ ಮಾತು. "ನೀರ."

ನಾನು ಲೋಟ ತಂದು ಬಾಯಿಗಿಡುತ್ತಿದ್ದೆ. ಇವರು ಮುಖ ತಿರುಗಿಸುತ್ತಿದ್ದರು. ನೀರು ಕತ್ತಿನ ಮೇಲೆ ಹರಿಯುತ್ತಿತ್ತು. ಒರೆಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ "ನೀರ." ಮತ್ತೆ ಲೋಟ. ತಣ್ಣೀರು ಬೇಡವೇನೋ ಎಂದು ಬಿಸಿ ಮಾಡಿ ತಂದೆ, ಬೆಲ್ಲ ಹಾಕಿ ತಂದೆ. ದಿನಕ್ಕೆ ಎಷ್ಟು ಸಲವೋ. ಬೇಸರವೂ ಆಗುತ್ತಿರಲಿಲ್ಲ ನನಗೆ.

ಆಷಾಢದ ಗಾಳಿಯಲ್ಲಿ, ಸಂತೆ ದಿನ, ಆಲೂರಿನಿಂದ ಇವರ ಮಾತ್ರೆ ತೆಗೆದುಕೊಂಡು ಬರುತ್ತಿದ್ದೆ. ಲಾಂಚಿನ ತುಂಬ ಜನ, ಸಂತೆ ಸಾಮಾನು. ನಡುನೀರಿಗೆ ಬಂದಾಗ ಟಣ್ ಎಂದು ಸದ್ದಾಯಿತು. ಇಂಜಿನ್ ಒಮ್ಮೆಲೇ ಹುಚ್ಚು ಹಿಡಿದ ಹಾಗೆ ಕಿರುಚಿತು. ನಂಜುಂಡ ಓಡಿ ಬಂದು ನಿಲ್ಲಿಸಿದ. ಕಪ್ಲಿಂಗಿನ ಬೋಲ್ಟುಗಳು ಕತ್ತರಿಸಿ ಹೋಗಿದ್ದವು, ಶಾಫ್ಟು ಹಿಂದಕ್ಕೆ ಸರಿದು ನೀರು ಒಳಗೆ ನುಗ್ಗುತ್ತಿತ್ತು. ಗಾಳಿ ಲಾಂಚನ್ನು ಅಡ್ಡ ತಿರುಗಿಸಿತು. ಸಂತೆಯಿಂದ ತಂದ ಹೊಸ ಪಾತ್ರೆಗಳಲ್ಲೇ ಜನ ನೀರು ಮೊಗೆದು ಚೆಲ್ಲಿದರು. ಶಾಫ್ಟಿನ ಸಂದಿಗೆ ನಂಜುಂಡ ತನ್ನ ಅಂಗಿ ಬಿಚ್ಚಿ ತುರುಕಿದ. ಯಾರದೋ ಮಗು ಹಟ ಹಿಡಿದು ಅಳುತ್ತಿತ್ತು. ಹೇಗೋ ಗಾಳಿಯೇ ನಮ್ಮನ್ನು ತೇಲಿಸಿ ಜೊಂಡು ಬೆಳೆದ ದಂಡೆಗೆ ತಂದು ಹಾಕಿತು. ಯಾರಿಗೂ ಏನೂ ಆಗಲಿಲ್ಲ. ನಾನೂ ಎಲ್ಲರ ಹಾಗೆ ನೀರು ಮೊಗೆದೆ. ಮೊಗೆಯುವಾಗ, ಮುಳುಗಿದರೆ ಮುಳುಗಲಿ ಎಂದುಕೊಂಡಿದ್ದು ನೆನಪಿದೆ. ಮನೆಗೆ ಬಂದು ಇವರಿಗೆ ಮಾತ್ರೆ ಕೊಟ್ಟೆ.

ಮಾರನೆಯ ದಿನದಿಂದ ಜನ ಲಾಂಚು ಹತ್ತಲಿಲ್ಲ. ಮಕ್ಕಳು ಸ್ಕೂಲು ಬಿಟ್ಟರು. ನಂಜುಂಡ ಸುಮ್ಮನೆ ಕೂರಲಿಲ್ಲ. ನೀರಿಗಿಳಿದು ಫ್ಯಾನು ತಡವಿ ನೋಡಿದ. ಬಳ್ಳಿ, ಹಗ್ಗ ಏನೂ ಸುತ್ತಿಕೊಂಡಿರಲಿಲ್ಲ, ಫ್ಯಾನಿನ ರೆಕ್ಕೆ ಎಲ್ಲೂ ಮುಕ್ಕಾಗಿರಲಿಲ್ಲ. ಶಾಫ್ಟು ಬಿಚ್ಚಿ, ತೂತಿಗೆ ಬೆಣೆ ಹೊಡೆದು, ಹೆಗಲ ಮೇಲೆ ಹೊತ್ತು ಹಾಸನದ ಲೇತ್ ಅಂಗಡಿಗೆ ಹೋಗಿ ತಿರುಗಿಸಿ ನೋಡಿಸಿದ. ನೆಟ್ಟಗಿತ್ತು. ತಂದು ಹೊಸ ಬೋಲ್ಟು ಹಾಕಿ ಮತ್ತೆ ಸೇರಿಸಿದ. ಇಬ್ರಾಹಿಂ ಸಾಬರು ಮತ್ತೆ ಬಂದು ತಲೆ ಕೆರೆದುಕೊಂಡರು. "ನಾನ್ ಕೂರ್ಸಿದ್ದು ಸರಿಯಾಗೇ ಐತಪ್ಪ ನಂಜುಂಡ. ಇನ್ನೊಂದ್ಸಲ ದಡಕ್ಕೆ ಎಳ್ಸು, ಮತ್ತೆ ನೋಡಾಣ."

ಅಷ್ಟರಲ್ಲಿ ಕೆಳಗಿನ ಊರಿನವನೊಬ್ಬ ಮರಳು ಸಾಗಿಸಲು ದೋಣಿ ಬೇಕೆಂದು ಬಂದು ಹೋಗಿದ್ದ. ನಂಜುಂಡ ಆ ದಿನ ಮನೆಯೊಳಗೆ ಬಂದು ಮಂಚದ ಹತ್ತಿರ ನಿಂತು ಕೇಳಿದ.

"ಮಾರ್ಬುಡಣ ಅತ್ಗೆ. ಜನ ಹತ್ತಲ್ಲ ಅಂದ್ಮೇಲೆ ಇಟ್ಕಂಡ್ ಏನ್ ಮಾಡಾದು?"

"ಮಾರು," ಎಂದೆ.

"ಇಲ್ಲಾಂದ್ರೆ ಸಾಬ್ರು ಹೇಳ್ದಂಗೆ ಮತ್ತೆ ದಡಕ್ಕೆಳ್ದು ಒಂದ್ಸಲ ನೋಡ್ಬೋದು. ನಂಗಂತೂ ನಂಬ್ಕೆ ಇಲ್ಲ."

ಇವರು "ನೀರ" ಎಂದರು. ನಾನು ಲೋಟ ಹಿಡಿದೆ. ಇವರು ಎಡಗೈ ಬೀಸಿ ಲೋಟಕ್ಕೆ ಹೊಡೆದರು. ಅದು ಗೋಡೆಗೆ ಬಡಿದು ಉರುಳಿತು. ಇವರ ಕಣ್ಣು ಕೆಂಪಾಗಿತ್ತು. ಎಡ ಅಂಗೈಯನ್ನು ಅಂಗಾತ ಚಾಚಿ, ಅಲೆಯ ಮೇಲೆ ತೇಲುವ ಹಾಗೆ ಮೆಲ್ಲಗೆ ಏಳಿಸಿ ಇಳಿಸಿದರು. ಕಿಟಕಿಯ ಕಡೆ ನೋಡಿದರು. ಮತ್ತೆ ಅಂಗೈ ತೇಲಿಸಿದರು. "ನೀರ... ನೀರ..."

ನಂಜುಂಡ ಆ ಅಂಗೈಯನ್ನೇ ನೋಡಿದ. "ಅತ್ಗೆ," ಎಂದ, "ಅಣ್ಣ ಕುಡ್ಯಕ್ ಕೇಳ್ತಿಲ್ಲ. ನೀರಲ್ಲೇ ಇಟ್ಕಂಡ್ ಮಾಡಿ ಅಂತೈತೆ."

ಇವರು ತಲೆಯಾಡಿಸಿದರು. ಒಂದು ಸಲ ಅಲ್ಲ, ಬಿಡದೆ ಆಡಿಸಿದರು. ಎರಡು ತಿಂಗಳಿಂದ ಲೋಟ ಹಿಡಿದು ನಿಲ್ಲುತ್ತಿದ್ದ ನಾನು ನೆಲದ ಮೇಲಿನ ನೀರು ಒರೆಸಿದೆ.

ಮರದ ದೋಣಿ ದಡದ ಮೇಲೆ ಇದ್ದ ಹಾಗೆ ನೀರಲ್ಲಿ ಇರುವುದಿಲ್ಲವಂತೆ. ದಿಮ್ಮಿಯ ಮೇಲೆ ಕೂತಾಗ ಹೊಟ್ಟೆ ಒಂದು ಆಕಾರ, ತೇಲುವಾಗ ಇನ್ನೊಂದು, ಜನ ತುಂಬಿದಾಗ ಮತ್ತೊಂದು. ಒಣಗಿದ ಹಲಗೆ ನೀರು ಕುಡಿದು ಉಬ್ಬುತ್ತದೆ. ದಡದಲ್ಲಿ ಕಾಗದ ತೂರದ ಕಪ್ಲಿಂಗು ನೀರಿಗಿಳಿದ ಮೇಲೆ ಬಾಯಿ ಬಿಡುತ್ತದೆ. ಇದನ್ನು ಇವರು ಹೇಳಿದ್ದಲ್ಲ, ಹೇಳಲು ಮಾತೆಲ್ಲಿತ್ತು. ನಂಜುಂಡನಿಗೆ ಇವರು ಎಂದೋ ಆಡಿದ್ದು ಆಮೇಲಾಮೇಲೆ ನೆನಪಾಗಿ ಒಂದೊಂದೇ ಹೇಳಿದ. ಇಬ್ರಾಹಿಂ ಸಾಬರೂ ಕೇಳಿ, "ಅದೂ ಹೌದಲ್ಲ. ನಾನು ನೆಲದ ಮೇಲಿನ ಕೆಲಸದವ್ನು ಮಾರಾಯ," ಎಂದರು. ಅವರಿಗೆ ಹಾಸನದಲ್ಲಿ ಗಾಡಿಗಳು ಕಾಯುತ್ತಿದ್ದವು. ಹೋಗುವಾಗ ತಮ್ಮ ಫಿಲ್ಲರ್ ಗೇಜನ್ನು ನನ್ನ ಕೈಗೆ ಕೊಟ್ಟರು. ತೆಳ್ಳನೆಯ ಉಕ್ಕಿನ ಎಲೆಗಳ ಒಂದು ಕಟ್ಟು ಅದು, ಸಂದಿನಲ್ಲಿ ಯಾವ ಎಲೆ ತೂರುತ್ತದೆ ಎಂಬುದರ ಮೇಲೆ ಸಂದು ಎಷ್ಟೆಂದು ತಿಳಿಯುತ್ತದೆ. "ನಂಜುಂಡನ ಬೆರಳು ದಪ್ಪ ಅಮ್ಮ, ಆ ಗೂಡಲ್ಲಿ ತೂರಲ್ಲ. ನೀವೇ ಹಿಡೀರಿ."

ಹಾಗೆ ನಾನು ಇಂಜಿನ್ನಿನ ಗೂಡಿಗೆ ಇಳಿದೆ. ಇವರನ್ನು ಕುರ್ಚಿಯಲ್ಲಿ ಕೂರಿಸಿ, ನಂಜುಂಡ ಮತ್ತು ಪಕ್ಕದ ಮನೆಯವರು ಹೊತ್ತು ತಂದು ಲಾಂಚಿನಲ್ಲಿಟ್ಟರು. ದಡಕ್ಕೆ ಕಟ್ಟಿದ್ದ ಲಾಂಚು, ಮೇಲೆ ಸೋನೆ ಮಳೆ. ಇವರಿಗೆ ಕಂಬಳಿ ಹೊದಿಸಿದ್ದೆ. ಕಪ್ಲಿಂಗಿನ ಬೋಲ್ಟು ಬಿಚ್ಚಿ ಎರಡು ತಟ್ಟೆ ಮುಟ್ಟಿಸಿ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಗೇಜು ತೂರಿಸಿ ನೋಡಿದೆ. ಮೇಲೆ ಯಾವ ಎಲೆಯೂ ಹೋಗಲಿಲ್ಲ. ಕೆಳಗೆ ದಪ್ಪನೆಯ ಎಲೆಯೇ ಸಲೀಸಾಗಿ ಹೋಯಿತು.

"ಕೆಳ್ಗೆ ಬಾಯ್ ಬಿಟ್ಟೈತೆ," ಎಂದೆ.

ಇವರು ಎಡಗೈಯ ತೋರುಬೆರಳನ್ನು ಸುತ್ತ ತಿರುಗಿಸಿದರು. ಶಾಫ್ಟು ತಿರುಗಿಸು ಎಂದು. ನಂಜುಂಡ ಅರ್ಧ ಸುತ್ತು ತಿರುಗಿಸಿದ. ಮತ್ತೆ ಗೇಜು ಇಟ್ಟೆ. ಸಂದು ಕೆಳಗೇ ಇತ್ತು. ಶಾಫ್ಟೇ ಡೊಂಕಾಗಿದ್ದರೆ ಅದರ ಜೊತೆಗೆ ಸಂದೂ ತಿರುಗಿ ಮೇಲೆ ಬರಬೇಕಿತ್ತು. ಬರಲಿಲ್ಲ ಎಂದರೆ ಶಾಫ್ಟು ಸರಿ, ಇಂಜಿನ್ನೇ ಹಿಂದಕ್ಕೆ ಕುಸಿದಿದೆ. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. "ಅಲ್ಲೇ ಐತೆ, ಕೆಳ್ಗೇ," ಎಂದೆ. ಇವರು ಕಣ್ಣು ಮುಚ್ಚಿ ತೆರೆದರು.

ಜನ ಕೂತಾಗ ಹೇಗೆಂದು ನೋಡಬೇಕಿತ್ತು. ದಡದಲ್ಲಿ ನಿಂತು ನೋಡುತ್ತಿದ್ದ ಊರಿನವರನ್ನು ನಂಜುಂಡ ಕರೆದ. ಯಾರೂ ಮುಂದೆ ಬರಲಿಲ್ಲ. ಕಡೆಗೆ ಕೆಳಗಿನ ಬೀದಿಯ ಮುದುಕಿ ಕಾಳಮ್ಮ ಸೀರೆ ಎತ್ತಿ ಕಟ್ಟಿ, "ಕಟ್ಟಾಕವ್ರಲ್ರೋ, ಎಲ್ಲೋದಾತು. ಕೂತ್ಕಳ್ಳಿ ಬರ್ರಿ," ಎಂದು ಹತ್ತಿ ಕೂತಳು. ಅವಳ ಹಿಂದೆ ಒಬ್ಬೊಬ್ಬರೇ ಬಂದರು. ಲಾಂಚು ತುಂಬಿತು. ಎಲ್ಲಿಗೂ ಹೋಗದ ಲಾಂಚಿನಲ್ಲಿ, ಮಳೆ ನೋಡುತ್ತ, ಎಲೆ ಅಡಿಕೆ ಹಾಕುತ್ತ ಕೂತರು. ಸಂದು ಇನ್ನೂ ಒಂದು ಎಲೆಯಷ್ಟು ಹೆಚ್ಚಾಗಿತ್ತು.

ಇಂಜಿನ್ನಿನ ಹಿಂದಿನ ಕಾಲುಗಳ ಕೆಳಗೆ ನಂಜುಂಡ ಹಾರೆ ಹಾಕಿ ಎತ್ತಿದ. ನಾನು ತೆಳ್ಳನೆಯ ತಗಡಿನ ಚೂರುಗಳನ್ನು ತೂರಿಸಿದೆ. ಬಿಗಿ ಮಾಡಿ, ನೋಡಿ, ಬಿಚ್ಚಿ, ಮತ್ತೆ ತೂರಿಸಿ. ಸಂಜೆಯ ಹೊತ್ತಿಗೆ ಸರಿಯಾಯಿತು. ಬೆಳಿಗ್ಗೆ ಬಂದು ನೋಡಿದರೆ ಮತ್ತೆ ಕೆಳಗೆ ಬಾಯಿ ಬಿಟ್ಟಿತ್ತು. ಮತ್ತೆ ತಗಡು ಹಾಕಿದೆವು. ಅದರ ಮಾರನೆಯ ದಿನ ಮತ್ತೆ ಅದೇ.

"ಆಗಲ್ಲ ಅತ್ಗೆ ಇದು," ಎಂದ ನಂಜುಂಡ.

ಇವರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಎಡಗೈಯ ಹೆಬ್ಬೆರಳಿನಿಂದ ಕುರ್ಚಿಯ ಮರವನ್ನು ಒತ್ತಿದರು. ನನ್ನ ಕಡೆ ನೋಡಿ ಮತ್ತೆ ಒತ್ತಿದರು. ಮರ ಒತ್ತಿ ನೋಡು ಎಂದು. ಇಂಜಿನ್ ಕೂತಿದ್ದುದು ಎರಡು ಉದ್ದನೆಯ ತೊಲೆಗಳ ಮೇಲೆ, ಅವುಗಳ ಮೇಲೆ ತಗಡು ಹೊದಿಸಿತ್ತು. ಎಡಗಡೆ ಹಿಂದಿನ ಕಾಲಿನ ಹತ್ತಿರ ತಗಡು ಎಬ್ಬಿಸಿ ಸ್ಕ್ರೂಡ್ರೈವರ್ ಚುಚ್ಚಿದೆ. ಬೆಂದ ಗೆಣಸಿಗೆ ಹೋದ ಹಾಗೆ ಹಿಡಿಯವರೆಗೂ ಹೋಯಿತು. ಎಷ್ಟು ವರ್ಷದಿಂದ ತಗಡಿನಡಿ ನೀರು ನಿಂತಿತ್ತೋ. ಮೇಲಿನಿಂದ ನೋಡಿದರೆ ಗಟ್ಟಿ ಮರ, ಒಳಗೆ ಪುಡಿ. ಸ್ಕ್ರೂಡ್ರೈವರ್ ಹೊರಗೆಳೆದು ಇವರಿಗೆ ತೋರಿಸಿದೆ. ತುದಿಗೆ ಕಪ್ಪು ಮರದ ಹಿಟ್ಟು ಮೆತ್ತಿಕೊಂಡಿತ್ತು. ಇವರು ನಕ್ಕರು. ಬಿದ್ದ ಮೇಲೆ ಮೊದಲ ಸಲ, ಅರ್ಧ ಬಾಯಲ್ಲಿ. ನನಗೆ ನಗು ಬರಲಿಲ್ಲ. ನೋಡುತ್ತ ಕೂತೆ.

ಆಲೂರಿನ ಬಡಗಿ ಹೊನ್ನೆ ಮರದ ತೊಲೆ ಕೆತ್ತಿಕೊಟ್ಟ. ಊರಿನ ಗಂಡಸರು ಮೂರು ಕಂಬ ನಿಲ್ಲಿಸಿ ಚೈನು ಹಾಕಿ ಇಂಜಿನ್ ಎತ್ತಿದರು. ಹಳೆಯ ತೊಲೆ ತೆಗೆದು ಹೊಸದನ್ನು ಬಿಗಿದರು. ಮತ್ತೆ ನಾನು ಗೂಡಿಗಿಳಿದೆ. ನಾಲ್ಕೂ ಕಡೆ ಗೇಜಿನ ಅತೀ ತೆಳ್ಳನೆಯ ಎಲೆ ಒಂದೇ ಬಿಗಿಯಲ್ಲಿ ಹೋಗುವವರೆಗೆ. ಒಂದು ವಾರ ಹಾಗೇ ಬಿಟ್ಟು, ದಿನಾ ನೋಡಿದೆವು. ಕದಲಲಿಲ್ಲ.

ಮೊದಲ ಸಲ ನೀರು ದಾಟಿದಾಗ ಮಳೆ ಹೊಳವಾಗಿತ್ತು. ಇವರ ಕುರ್ಚಿಯನ್ನು ಇಂಜಿನ್ ಗೂಡಿನ ಪಕ್ಕ ಇಟ್ಟಿದ್ದೆವು. ನಂಜುಂಡ ವೇಗ ಏರಿಸಿದ. ಲಾಂಚು ನಡುಗಲಿಲ್ಲ. ಇವರ ಸತ್ತ ಬಲಗೈಯನ್ನು ಎತ್ತಿ ಗೂಡಿನ ಮುಚ್ಚಳದ ಮೇಲಿಟ್ಟೆ. ಯಾಕೆ ಹಾಗೆ ಮಾಡಿದೆನೋ.

"ಗೊತ್ತಾಯ್ತದಾ?" ಎಂದು ಕೇಳಿದೆ.

ಇವರು ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಎಡಗೈ ತಂದು ನನ್ನ ಕೈಯನ್ನು ಹಿಡಿದು ಅಲ್ಲಿಟ್ಟರು. ನನ್ನ ಅಂಗೈಗೆ ಸಣ್ಣನೆಯ ಗುಂಯ್ ಎನ್ನುವುದು ತಾಗಿತು. "ಚೆನ್ನಾಗೈತೆ," ಎಂದೆ. ಇವರು ಆಚೆ ದಡ ಬರುವವರೆಗೂ ಕೈ ತೆಗೆಯಲಿಲ್ಲ.

ಮಕ್ಕಳು ಮತ್ತೆ ಸ್ಕೂಲಿಗೆ ಹೋದರು. ಮರಳಿನವನು ಎರಡು ಸಲ ಬಂದು ಹಾಗೇ ವಾಪಸ್ ಹೋದ. ದಸರೆ, ದೀಪಾವಳಿ ಕಳೆಯಿತು. ಇವರಿಗೆ ಇನ್ನೂ ಒಂದೆರಡು ಮಾತು ಬಂದವು. ನನ್ನ ಹೆಸರು ಬಂತು. ಚಳಿ ಹಿಡಿದ ಮೇಲೆ ಒಂದು ಬೆಳಿಗ್ಗೆ ಎಬ್ಬಿಸಲು ಹೋದೆ, ಏಳಲಿಲ್ಲ.

ಆ ದಿನವೆಲ್ಲ ಲಾಂಚು ಆಚೀಚೆ ಓಡಾಡಿತು. ಮಗಳು, ನೆಂಟರು, ಅಯ್ಯನವರು, ಭಜನೆಯವರು ಎಲ್ಲರೂ ಅದರಲ್ಲೇ ಬಂದರು. ಇಂಜಿನ್ ಮೆತ್ತಗೆ ಓಡುತ್ತಿದ್ದುದರಿಂದ ದಡ ಮುಟ್ಟುವ ಮೊದಲೇ ಕೂತವರ ಮಾತು ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು. ಯಾವ ಬಸ್ಸು ತಪ್ಪಿತು, ಯಾರು ಬರಲಿಲ್ಲ ಎಂಬಂಥ ಮಾತು. ಒಬ್ಬರಂತೂ ಏನಕ್ಕೋ ನಕ್ಕರು. ವಿಭೂತಿ ಹಚ್ಚಿ, ಕೂರಿಸಿ, ನಮ್ಮ ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. "ಅತ್ಬುಡು ಗಂಗಮ್ಮ, ಒಳ್ಗೇ ಇಟ್ಕಬ್ಯಾಡ," ಎಂದು ಕಾಳಮ್ಮ ಬೆನ್ನು ತಟ್ಟಿದಳು. ಬರಲಿಲ್ಲ. ಬಂದವರಿಗೆ ಊಟಕ್ಕೆ ಬಡಿಸಿದೆ.

ಮಾರನೆಯ ಬೆಳಿಗ್ಗೆ ಸ್ಕೂಲಿನ ಮಕ್ಕಳು ಚೀಲ ಹಾಕಿಕೊಂಡು ದಡದಲ್ಲಿ ನಿಂತಿದ್ದವು. ನಂಜುಂಡ ಅಂಗಳಕ್ಕೆ ಬಂದು, ತಲೆ ಎತ್ತದೆ ಕೇಳಿದ.

"ಇವತ್ತು ಬಿಡಾದಾ, ಬ್ಯಾಡ್ವಾ ಅತ್ಗೆ?"

"ಬಿಡು. ಮಕ್ಳು ನಿಂತವೆ."

ನಾನೂ ಹೋಗಿ ಹತ್ತಿದೆ. ಮಂಜು ಇನ್ನೂ ನೀರಿನ ಮೇಲೆ ಇತ್ತು. ಮಕ್ಕಳು ನನ್ನನ್ನು ಕಂಡು ಸದ್ದಿಲ್ಲದೆ ಕೂತವು. ಆಚೆ ದಡದಲ್ಲಿ ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ. ನಂಜುಂಡ ಲಾಂಚು ತಿರುಗಿಸಿದ.

ಬರುವಾಗ ನಾವಿಬ್ಬರೇ. ನಡುನೀರು ದಾಟಿರಲಿಲ್ಲ, ಎದೆಯೊಳಗಿಂದ ಏನೋ ಕಿತ್ತುಕೊಂಡು ಬಂತು. ಮೊದಲು ಅದು ನನ್ನದೇ ಸ್ವರ ಎಂದು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಸೆರಗು ಬಾಯಿಗೆ ತುರುಕಿಕೊಂಡೆ. ಆದರೂ ನಿಲ್ಲಲಿಲ್ಲ. ಇಂಜಿನ್ ಅಷ್ಟು ಮೆತ್ತಗೆ ಓಡುತ್ತಿತ್ತು, ಆ ಸ್ವರ ನೀರಿನ ಮೇಲೆ ಊರಿನವರೆಗೂ ಹೋಗುತ್ತಿತ್ತೇನೋ. ನಂಜುಂಡ ಹಿಂದೆ ತಿರುಗಿ ನೋಡಲಿಲ್ಲ. ಗೇರು ಬಿಡಿಸಿ, ಲಾಂಚನ್ನು ನಿಂತಲ್ಲೇ ತೇಲಲು ಬಿಟ್ಟು, ನನ್ನ ಸ್ವರ ಮುಳುಗುವಷ್ಟು ಇಂಜಿನ್ನಿನ ಸದ್ದನ್ನು ಏರಿಸಿದ. ನಾನು ಸೆರಗು ಬಾಯಿಂದ ತೆಗೆಯುವವರೆಗೂ ಏರಿಸಿಕೊಂಡೇ ನಿಂತಿದ್ದ.